ಟಾಲ್ ಎಂದರೆ ಎತ್ತರ, ಹೈ ಎಂದರೂ ಎತ್ತರ

ಹರಪನಹಳ್ಳಿ ಕಡೆಯ ಶಾಲೆಯೊಂದಕ್ಕೆ ಹೊಸದಾಗಿ ಇಂಗ್ಲಿಷ್ ಶಿಕ್ಷಕನಾಗಿ ಸೇರಿದ ಪ್ರವೀಣ ಎಂಬ ಯುವಕ ಕಳೆದ ತಿಂಗಳು ನನಗೆ ಫೋನ್ ಮಾಡಿದ್ದ. ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮಗ ಅವನು.

"ಸಾರ್, ಟಾಲ್‌ಗೂ ಹೈಗೂ ಏನು ಫರಕು ಅಂತ ಹುಡುಗ್ರು ಕೇಳಿದ್ರು. ಎರಡಕ್ಕೂ ಎತ್ತರ ಅಂದೆ. ಹಂಗಾದ್ರೆ ಎರಡು ಪದ ಯಾಕೆ ಅಂದ್ರು. ನಾಳೆ ಹೇಳ್ತೀನಿ ಅಂತ ತಪ್ಪಿಸ್ಕೊಂಡು ಬಂದೀನಿ. ನೀವು ಏನು ಹೇಳ್ತಿದ್ರಿ?"

"ನಾನೂ ನಾಳೆ ಹೇಳ್ತೀನಿ ಅಂತಿದ್ದೆನಪ್ಪ" ಎಂದೆ.

ಅವನು ನಕ್ಕ. ನಾನು ತಮಾಷೆಗೆ ಹೇಳಿರಲಿಲ್ಲ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ, ಈಗ ಹುಟ್ಟೂರು ಕೊಟ್ಟೂರಿನಲ್ಲಿ ಪಿಂಚಣಿ ತಿನ್ನುತ್ತಾ ಕುಳಿತಿದ್ದೇನೆ. ಟಾಲ್ ಎಂಬ ನಾಲ್ಕಕ್ಷರದ ಪದ ನನ್ನನ್ನು ಅಷ್ಟೂ ವರ್ಷ ದಾರಿ ತಪ್ಪಿಸಿತು. ಫೋನಿನಲ್ಲಿ ಅದನ್ನೆಲ್ಲ ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತೊಂದರೆ ನನ್ನ ಮನೆಯಿಂದಲೇ ಶುರುವಾಗಿತ್ತು. ನನ್ನ ತಂದೆ ಬಜಾರಿನಲ್ಲಿ ಸ್ಟೋವ್ ರಿಪೇರಿ ಮಾಡುತ್ತಿದ್ದರು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ನಮ್ಮ ಉರ್ದುವಿನಲ್ಲಿ ಹಗ್ಗವೂ ಲಂಬಾ, ಎತ್ತರದ ಮನುಷ್ಯನೂ ಲಂಬಾ. ಹಗ್ಗಕ್ಕೆ ಇಂಗ್ಲಿಷಿನಲ್ಲಿ ಲಾಂಗ್ ಎಂದು ಕಲಿತ ನಾನು ಏಳನೇ ತರಗತಿಯಲ್ಲಿ 'ನನ್ನ ಅಣ್ಣ ತುಂಬಾ ಲಾಂಗ್' ಎಂದು ಬರೆದು ಹೊಡೆತ ತಿಂದೆ. ಇನ್ನು ಹೈ ಎಂದರೆ ನಮ್ಮ ಮನೆಯಲ್ಲಿ 'ಇದೆ' ಎಂದರ್ಥ. ಮೇಷ್ಟ್ರು ತರಗತಿಯಲ್ಲಿ ಹೈ ಎಂದಾಗಲೆಲ್ಲ, ಏನೋ ಇದೆ, ಆದರೆ ಏನಿದೆ ಅಂತ ಹೇಳುತ್ತಿಲ್ಲವಲ್ಲ ಎಂದು ಕಾಯುತ್ತಿದ್ದೆ. ಇಂಥ ತಲೆ ಹೊತ್ತುಕೊಂಡೇ ನಾನು ಇಂಗ್ಲಿಷ್ ಮೇಷ್ಟ್ರಾದದ್ದು.

ಮೊದಲ ನೇಮಕ ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಗೆ. ಸೇರಿ ಆರು ತಿಂಗಳಾಗಿರಬಹುದು, ತಪಾಸಣೆಗೆ ಸಾಹೇಬರು ಬಂದರು. ಬಿಳಿ ಸಫಾರಿ, ಕೈಯಲ್ಲಿ ಡೈರಿ. ನನ್ನ ತರಗತಿಗೆ ಬಂದು, ಕಿಟಕಿಯಾಚೆ ಕಾಣುವ ಗುಡ್ಡ ತೋರಿಸಿ ಮಕ್ಕಳನ್ನು ಕೇಳಿದರು: "ಆ ಗುಡ್ಡ ಟಾಲೋ, ಹೈಯೋ?"

ಅರ್ಧ ಜನ ಟಾಲ್ ಎಂದರು, ಅರ್ಧ ಜನ ಹೈ ಎಂದರು. ಸಾಹೇಬರು ನನ್ನ ಕಡೆ ತಿರುಗಿದರು. "ನೀವು ಹೇಳ್ರಿ ಮೇಷ್ಟ್ರ."

"ಎರಡೂ ನಡೀತದ ಸರ್" ಎಂದೆ.

"ನಡಿಯಂಗಿಲ್ಲ. ಗುಡ್ಡ ಹೈ. ಬರಕೊಳ್ರಿ" ಎಂದು ಮಕ್ಕಳೆದುರೇ ಗದರಿದರು. ಮಕ್ಕಳು ಬರೆದುಕೊಂಡರು. ನಾನೂ ಬರೆದುಕೊಂಡೆ.

ಮಧ್ಯಾಹ್ನ ಅವರಿಗೆ ಚಹಾ ಕೊಟ್ಟು, ಧೈರ್ಯ ಮಾಡಿ ಕೇಳಿದೆ: "ಸರ್, ಗುಡ್ಡಕ್ಕ ಟಾಲ್ ಯಾಕ ಬರಂಗಿಲ್ಲ?"

ಅವರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಹುಸೇನ್, ನನಗೂ ಗೊತ್ತಿಲ್ಲಪ್ಪ. ನಮ್ಮ ಮೇಷ್ಟ್ರು ಹಂಗ ಹೇಳಿದ್ರು. ಕೇಳಿದ್ದಕ್ಕ ನನಗೂ ಬೈದಿದ್ರು."

ಅವತ್ತು ನನಗೆ ಅವರ ಮೇಲಿನ ಭಯ ಹೋಯಿತು, ಇಂಗ್ಲಿಷಿನ ಮೇಲಿನ ಭಯ ಹೆಚ್ಚಾಯಿತು. ಮೇಲಿನವರಿಗೂ ಗೊತ್ತಿಲ್ಲದಿದ್ದರೆ ಇನ್ನು ಯಾರನ್ನು ಕೇಳುವುದು?

ಕೆಲವು ವರ್ಷಗಳ ನಂತರ ಪಾಠ ಹೇಳುವ ಕ್ರಮವೇ ಬದಲಾಯಿತು. ತರಬೇತಿಗೆ ಕರೆದು, ಇನ್ನು ಮುಂದೆ ಪದಕ್ಕೆ ಕನ್ನಡದ ಅರ್ಥ ಹೇಳಬೇಡಿ, ವಸ್ತು ತೋರಿಸಿ, ಮಕ್ಕಳನ್ನೇ ಉದಾಹರಣೆ ಮಾಡಿ ಎಂದರು. ನನಗೆ ಹಬ್ಬವಾಯಿತು. ಎತ್ತರ ಎಂದು ಅರ್ಥ ಹೇಳುವ ಗೊಡವೆಯೇ ಇಲ್ಲ! ಮೂವರು ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು. ಇವನು ಟಾಲ್, ಇವನು ಟಾಲರ್, ಇವಳು ಟಾಲೆಸ್ಟ್. ಹತ್ತು ನಿಮಿಷದಲ್ಲಿ ಪಾಠ ಮುಗಿಯುತ್ತಿತ್ತು. ಮಕ್ಕಳು ನಗುತ್ತಿದ್ದರು, ಮರೆಯುತ್ತಿರಲಿಲ್ಲ. ಇದನ್ನು ನನ್ನ ದೊಡ್ಡ ಗೆಲುವು ಎಂದುಕೊಂಡಿದ್ದೆ. ಬೇರೆ ಮೇಷ್ಟ್ರುಗಳಿಗೂ ಹೇಳಿಕೊಟ್ಟೆ.

ಆಮೇಲೆ ಹಡಗಲಿ ತಾಲ್ಲೂಕಿನ ಒಂದು ಊರಿಗೆ ವರ್ಗವಾಯಿತು. ಊರಿನ ಹೆಸರು ಬೇಡ. ಹುಡುಗಿಯ ಹೆಸರನ್ನೂ ಬದಲಿಸಿ ಮಾಳಮ್ಮ ಎಂದು ಇಟ್ಟಿದ್ದೇನೆ. ಒಂಬತ್ತನೇ ತರಗತಿ. ಕುರಿ ಸಾಕುವ ಮನೆಯವಳು. ತರಗತಿಯ ಹುಡುಗರೆಲ್ಲರಿಗಿಂತ ಎತ್ತರ, ನನಗಿಂತಲೂ ಒಂದು ಬೆರಳು ಹೆಚ್ಚೇ. ನನ್ನ ಪಾಠಕ್ಕೆ ಹೇಳಿ ಮಾಡಿಸಿದಂತಿದ್ದಳು. ಹೋಲಿಕೆಯ ಪಾಠ ಬಂದಾಗಲೆಲ್ಲ "ಮಾಳಮ್ಮ, ಮುಂದ ಬಾ" ಎನ್ನುತ್ತಿದ್ದೆ. ಅವಳು ಬಂದು, ಭುಜ ಮುಂದಕ್ಕೆ ಬಾಗಿಸಿ ನಿಲ್ಲುತ್ತಿದ್ದಳು. "ನೆಟ್ಟಗ ನಿಂದ್ರು" ಎಂದು ನಾನು ಅಳತೆಪಟ್ಟಿಯಿಂದ ಬೆನ್ನು ಮುಟ್ಟುತ್ತಿದ್ದೆ. ಪಾಠ ಕಾಣಬೇಕಲ್ಲ! ತರಗತಿ ಒಟ್ಟಿಗೇ "ಟಾಲೆಸ್ಟ್" ಎಂದು ಕೂಗುತ್ತಿತ್ತು. ಆ ಕೂಗು ಎಷ್ಟು ಸ್ಪಷ್ಟವಾಗಿ, ಎಷ್ಟು ಹುರುಪಿನಿಂದ ಬರುತ್ತಿತ್ತೆಂದರೆ ನನಗೆ ಹೆಮ್ಮೆಯಾಗುತ್ತಿತ್ತು.

ದಸರಾ ರಜೆ ಮುಗಿದ ಮೇಲೆ ಮಾಳಮ್ಮ ಶಾಲೆಗೆ ಬರಲಿಲ್ಲ. ಕುರಿಯ ಹಿಂದೆ ಹೋಗಿರಬೇಕು ಎಂದುಕೊಂಡೆ. ಎರಡು ವಾರವಾಯಿತು. ನಮ್ಮ ಮುಖ್ಯೋಪಾಧ್ಯಾಯಿನಿ ಗಿರಿಜಮ್ಮ ಮೇಡಂ ಹಾಜರಿ ಪುಸ್ತಕ ನನ್ನ ಮುಂದೆ ಇಟ್ಟರು. ಹೆಚ್ಚು ಮಾತಿಲ್ಲದ ಹೆಂಗಸು.

"ಹುಸೇನ್ ಸರ್, ನಿಮ್ಮ ಕ್ಲಾಸಿನ ಹುಡುಗಿ. ನೀವ ಹೋಗಿ ಕೇಳ್ಕೊಂಡು ಬರ್ರಿ."

ಸಂಜೆ ಗಾಡಿ ತೆಗೆದುಕೊಂಡು ಹೋದೆ. ಊರಾಚೆ ಹಟ್ಟಿಯ ಪಕ್ಕದ ಮನೆ. ಮಾಳಮ್ಮನ ತಾಯಿ ದುರುಗವ್ವ ಅಂಗಳದಲ್ಲಿ ಕಂಬಳಿ ಕೊಡವುತ್ತಿದ್ದಳು. ತಂದೆ ಕುರಿ ಹಿಂಡಿನ ಜೊತೆ ಹೊಳೆಯ ಕಡೆ ಹೋಗಿದ್ದ. ಆಕೆ ನನಗೆ ಕಂಬಳಿಯನ್ನೇ ಹಾಸಿ ಕೂರಿಸಿದಳು.

"ಸಾಲಿಗೆ ಯಾಕ ಕಳಸವಲ್ರಿ ಯವ್ವ?" ಎಂದೆ.

"ನಾ ಎಲ್ಲಿ ಬ್ಯಾಡಂದೀನ್ರಿ ಸರ? ಆಕೀನ ವಲ್ಲೆ ಅಂತಾಳ. ನಿಮ್ಮ ಇಂಗ್ಲೀಷಿನ ಸಲುವಾಗಿ."

ನನಗೆ ಸಮಾಧಾನವಾಯಿತು. ಇದಕ್ಕೆ ನನ್ನ ಬಳಿ ಮದ್ದಿತ್ತು. "ಇಂಗ್ಲಿಷ್ ಎಲ್ರಿಗೂ ಕಷ್ಟನ ಐತ್ರಿ. ಸಂಜಿಮುಂದ ಬ್ಯಾರೆ ಹೇಳಿಕೊಡ್ತೀನಿ, ರೊಕ್ಕ ಏನೂ ಬ್ಯಾಡ."

ದುರುಗವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು. "ಕಷ್ಟ ಅಂದಿಲ್ರಿ ಆಕಿ. ಹೋಗಿ ಆಕೀನ್ನ ಕೇಳ್ರಿ, ಕೆರಿ ಕಡೆ ಅದಾಳ." ಎದ್ದು ಹೊರಟವನನ್ನು ಮತ್ತೆ ನಿಲ್ಲಿಸಿದಳು. "ಇನ್ನೊಂದು ಮಾತ್ರಿ. ಹೊಳಿ ದಂಡಿ ಊರಿನವ್ರು ಕೇಳಾಕ ಬಂದಿದ್ರು. ಹುಡುಗ ಉದ್ದಕ ಅದಾನಂತ, ಜೋಡಿ ಆಗತೈತಿ ಅಂತಾರ. ಸಾಲಿಗೆ ಹೊಂಟಿದ್ರ ಸಾಲಿ ಐತಿ ಅಂತ ಹೇಳಾಕ ಬರ್ತಿತ್ತು. ಮನ್ಯಾಗ ಕುಂತ ಹುಡುಗಿಗೆ ಏನಂತ ಹೇಳ್ಲಿ?"

"ಎಷ್ಟು ವಯಸ್ಸು ಆ ಹುಡುಗಗ?"

"ಇಪ್ಪತ್ತೇಳೋ ಎಂಟೋ ಅಂದ್ರು."

ಮಾಳಮ್ಮನಿಗೆ ಹದಿನಾಲ್ಕು ತುಂಬಿ ಕೆಲವೇ ತಿಂಗಳಾಗಿತ್ತು. ನಾನು ಕೆರೆಯ ಕಡೆ ನಡೆದೆ. ಇದರಲ್ಲಿ ನನ್ನ ಪಾಲೇನು ಎಂದು ಇನ್ನೂ ತಿಳಿದಿರಲಿಲ್ಲ.

ಅವಳು ಏರಿಯ ಮೇಲೆ ಕುಳಿತಿದ್ದಳು. ನನ್ನನ್ನು ಕಂಡು ಏಳಲು ಹೋಗಿ, ಅರ್ಧ ಎದ್ದು, ಮತ್ತೆ ಕುಳಿತಳು. ಮೇಷ್ಟ್ರ ಮುಂದೆ ಕೂರುವ ಹುಡುಗಿಯಲ್ಲ ಅವಳು. ನನಗೆ ಅದು ಸರಿಕಾಣಲಿಲ್ಲ. ಆಮೇಲೆ ಅರ್ಥವಾಯಿತು, ನನ್ನೆದುರು ಎದ್ದು ನಿಲ್ಲುವುದೇ ಅವಳಿಗೆ ಬೇಡವಾಗಿತ್ತು.

"ಏನಾತಮ್ಮ?" ಎಂದೆ.

"ಸರ, ಟಾಲ್ ಅಂದ್ರ ಏನ್ರಿ?" ಎಂದಳು.

"ಎತ್ತರ."

"ಅದು ಚಲೋದ, ಕೆಟ್ಟದ್ದ?"

"ಚಲೋದೂ ಅಲ್ಲ, ಕೆಟ್ಟದ್ದೂ ಅಲ್ಲ. ಬರೇ ಅಳತಿ."

"ಅಳತಿ ಆಗಿದ್ರ ನಗೋದ್ಯಾಕ್ರಿ?"

"ಯಾರು ನಗ್ತಾರ?" ಎಂದೆ.

"ಸಂತ್ಯಾಗ ಅಂತಾರ, ನೀರಿನ ಟಾಕಿ ಹತ್ರ ಅಂತಾರ. ಟಾಲೆಸ್ಟ್ ಬಂದ್ಲು ಅಂತಾರ. ಇಂಗ್ಲೀಷ್ ಬರಲಾರದವ್ರೂ ಅಂತಾರ. ನಮ್ಮ ದೊಡ್ಡವ್ವನೂ ಅಂತಾಳ್ರಿ, ಟಾಲೆಸ್ಟ್ ಅಂದ್ರ ಒಂದು ರೋಗ ಅಂತ ತಿಳಕೊಂಡಾಳ. ಆ ಪದ ಈ ಊರಿಗೆ ನೀವ ತಂದ್ರಿ ಸರ."

ಏರಿಯ ಕೆಳಗೆ, ಹಿಂಡಿನ ಜೊತೆ ಕಳಿಸದ ನಾಲ್ಕೈದು ಕುರಿಗಳು ಮೇಯುತ್ತಿದ್ದವು. ನಾನು ಒಂದು ಕಲ್ಲಿನ ಮೇಲೆ ಕುಳಿತೆ. ನಾನು ಯಾರನ್ನೂ ಬೈದಿರಲಿಲ್ಲ, ಪಠ್ಯದಲ್ಲಿದ್ದ ಪದ ಹೇಳಿದ್ದೆ, ತರಬೇತಿಯಲ್ಲಿ ಹೇಳಿದಂತೆ ಮಾಡಿದ್ದೆ. ನಿಘಂಟಿನಲ್ಲಿ ಆ ಪದಕ್ಕೆ ನೋವು ಎಂಬ ಅರ್ಥ ಎಲ್ಲೂ ಇರಲಿಲ್ಲ. ಆದರೂ ಹುಡುಗಿ ಶಾಲೆ ಬಿಟ್ಟು ಏರಿಯ ಮೇಲೆ ಕುಳಿತಿದ್ದಳು.

"ನಾ ಏನು ಮಾಡಿದ್ರ ಬರ್ತೀ?" ಎಂದು ಕೇಳಿದೆ.

"ನನ್ನ ನಿಂದ್ರಸಬಾರದು. ಆ ಸಣ್ಣ ಹುಡುಗನ್ನ ಶಾರ್ಟ್ ಅಂತ ನಿಂದ್ರಸ್ತೀರಲ್ಲ, ಅವನ್ನೂ ನಿಂದ್ರಸಬಾರದು."

ಒಪ್ಪಿದೆ. ಸೋಮವಾರ ಮಾಳಮ್ಮ ಬಂದಳು, ಕೊನೆಯ ಬೆಂಚಿನಲ್ಲಿ ಕುಳಿತಳು. ನಾನು ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಆದರೆ ನನ್ನ ಮನಸ್ಸಿಗೆ ಸಮಾಧಾನವಾಗಬೇಕಲ್ಲ! ತರಗತಿಯ ಮುಂದೆ ನಿಂತು ಗಂಭೀರವಾಗಿ ಹೇಳಿದೆ: "ಇವತ್ತಿನಿಂದ ಮಾಳಮ್ಮನ್ನ ಯಾರೂ ಟಾಲೆಸ್ಟ್ ಅನ್ನಬಾರದು."

ಹಿಂದಿನಿಂದ ಒಬ್ಬ ಕಿಸಕ್ಕೆಂದ. ಮುಂದಿನವನು ಬಾಯಿ ಮುಚ್ಚಿಕೊಂಡ. ಇಡೀ ತರಗತಿ ನಗೆಯಲ್ಲಿ ಮುಳುಗಿತು. ಅನ್ನಬಾರದೆಂದು ಅಂದು, ನಾನೇ ಮತ್ತೊಮ್ಮೆ ಅಂದಿದ್ದೆ. ಮಾಳಮ್ಮ ತಲೆ ಬೆಂಚಿಗೆ ಹಚ್ಚಿಬಿಟ್ಟಳು.

ಬಿಡುವಿನಲ್ಲಿ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಇವತ್ತಿಗೆ ಇವಳ ಶಾಲೆ ಮುಗಿಯಿತು ಎಂದುಕೊಂಡೆ. "ಸರ, ನೀವು ಇದರ ಬಗ್ಗೆ ಇನ್ನ ಏನೂ ಹೇಳಬ್ಯಾಡ್ರಿ. ಪಾಠ ಅಷ್ಟ ಮಾಡ್ರಿ" ಎಂದಳು. ಕಣ್ಣು ಕೆಂಪಾಗಿದ್ದವು, ಆದರೆ ಮರುದಿನವೂ ಬಂದಳು. ಗಿರಿಜಮ್ಮ ಮೇಡಂ ನನಗೆ ಹೇಳಿದ್ದು ಒಂದೇ ಮಾತು: "ಕ್ಷಮಾ ಕೇಳೋದೂ ಒಂದು ಕಸುಬು ಸರ್. ಕಲೀಬೇಕು."

ಈಗ ಪಾಠದ ಗತಿ ಏನು? ಮಕ್ಕಳನ್ನು ನಿಲ್ಲಿಸುವಂತಿಲ್ಲ. ಒಂದು ದಿನ ಎಲ್ಲರನ್ನೂ ಬಯಲಿಗೆ ಕರೆದುಕೊಂಡು ಹೋದೆ. ಬೇವಿನ ಮರ ತೋರಿಸಿದೆ, ಟಾಲ್. ಲೈಟಿನ ಕಂಬ, ಟಾಲ್. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ಗೌಸ್ ಎಂಬ ಹುಡುಗ, ನಾನು ಶಾರ್ಟ್ ಎಂದು ನಿಲ್ಲಿಸುತ್ತಿದ್ದೆನಲ್ಲ ಅವನೇ, ಮೇಲೆ ಕೈ ಮಾಡಿದ.

"ಸರ, ಆ ಹದ್ದು ಟಾಲ್ ಏನ್ರಿ?"

"ಅಲ್ಲ, ಅದು ಹೈ."

"ಯಾಕ್ರಿ? ಕಂಬಕ್ಕಿಂತ ಮ್ಯಾಲ ಐತಲ್ರಿ?"

ಕೂಡ್ಲಿಗಿಯ ಸಾಹೇಬರ ಜಾಗದಲ್ಲಿ ಈಗ ನಾನಿದ್ದೆ. ಗದರಿಬಿಡಲೇ ಎನಿಸಿತು. "ನನಗೂ ಸರಿಯಾಗಿ ಗೊತ್ತಿಲ್ಲಪ್ಪ. ಎಲ್ರೂ ಕೂಡಿ ಯೋಚನೆ ಮಾಡೂಣು" ಎಂದುಬಿಟ್ಟೆ. ನೌಕರಿಗೆ ಸೇರಿದ ಮೇಲೆ ಮಕ್ಕಳೆದುರು ಈ ಮಾತು ಆಡಿದ್ದು ಅದೇ ಮೊದಲು. ಆಕಾಶವೇನೂ ಕಳಚಿ ಬೀಳಲಿಲ್ಲ. ಮಕ್ಕಳು ಗುಂಪುಗುಂಪಾಗಿ ಜಗಳಕ್ಕೆ ಬಿದ್ದರು. ಹದ್ದು ಮರದ ಮೇಲೆ ಕೂತರೆ ಏನು? ಹಾರಿದರೆ ಏನು? ಕಿಟಕಿ ಟಾಲೋ ಹೈಯೋ? ನನ್ನ ತಲೆ ಗಿರ್ರೆಂದಿತು.

ಮಾಳಮ್ಮ ಗುಂಪಿನ ಹಿಂದಿದ್ದಳು. ಯಾರನ್ನೂ ನೋಡದೆ ಹೇಳಿದಳು: "ಕುರಿಮರಿ ಬಂಡಿಗಲ್ಲಿನ ಮ್ಯಾಲ ಹತ್ತಿದ್ರ ಅದು ಹೈ ಆಗತೈತ್ರಿ. ಆದ್ರ ಕುರಿಮರಿ ಉದ್ದ ಆಗಂಗಿಲ್ಲ. ಟಾಲ್ ಅಂದ್ರ ತನ್ನ ಕಾಲಿಂದ ತನ್ನ ತಲಿಮಟ. ಹೈ ಅಂದ್ರ ನೆಲದಿಂದ ಎಷ್ಟು ಮ್ಯಾಲ ಅಂತ."

ಎಲ್ಲರೂ ಅವಳ ಕಡೆ ತಿರುಗಿದರು. ಈ ಸಲ ಯಾರೂ ನಗಲಿಲ್ಲ. ನಾನು ಮಾತ್ರ ಮೇಷ್ಟ್ರ ಬುದ್ಧಿ ಬಿಡದೆ ಕೇಳಿದೆ, "ಹಂಗಾದ್ರ ಗುಡ್ಡ? ಅದೂ ತನ್ನ ಕಾಲಿಂದ ತಲಿಮಟ ಐತಲ್ಲ? ಅದಕ್ಯಾಕ ಹೈ ಅಂತಾರ?"

ಸ್ವಲ್ಪ ಯೋಚಿಸಿದಳು. "ಗುಡ್ಡಕ್ಕ ಕಾಲು ಎಲ್ಲಿ ಐತ್ರಿ ಸರ? ನೆಲಾನ ಮ್ಯಾಲ ಎದ್ದಂಗ ಇರತೈತಿ. ಎಲ್ಲಿ ಶುರು ಆತು ಅಂತ ಗೊತ್ತಾಗಂಗಿಲ್ಲ."

ಯಾವ ವ್ಯಾಕರಣ ಪುಸ್ತಕದಲ್ಲೂ ನಾನು ಇದನ್ನು ಓದಿರಲಿಲ್ಲ. ಪುಸ್ತಕಗಳು ಹೇಳುವುದು, ಅಗಲಕ್ಕಿಂತ ಎತ್ತರ ಹೆಚ್ಚಿರುವ ಮನುಷ್ಯ, ಮರ, ಕಂಬಗಳಿಗೆ ಟಾಲ್. ಅಗಲವಾದ ಗುಡ್ಡ, ಗೋಡೆಗಳಿಗೆ ಮತ್ತು ನೆಲದಿಂದ ಮೇಲಿರುವುದಕ್ಕೆ ಹೈ ಎಂದು. ಅವಳ ಮಾತೂ ಪುಸ್ತಕದ ಮಾತೂ ಬಹುಮಟ್ಟಿಗೆ ಒಂದೇ. ಆದರೆ ಅವಳು ಹೇಳಿದ್ದು ಮಕ್ಕಳಿಗೆ ತಿಳಿಯಿತು, ನನಗೂ ತಿಳಿಯಿತು.

ತಿಳಿಯಿತು ಎಂದುಕೊಂಡಿದ್ದೂ ಬಹಳ ದಿನ ಉಳಿಯಲಿಲ್ಲ. ಹೊರಗಿನಿಂದ ಬಂದ ಪ್ರಶ್ನೆಪತ್ರಿಕೆಯಲ್ಲಿ ಬಿಟ್ಟ ಸ್ಥಳ ತುಂಬಲು ಒಂದು ವಾಕ್ಯವಿತ್ತು. ಕಟ್ಟಡವೊಂದು ಟಾಲೋ, ಹೈಯೋ? ಉತ್ತರದ ಹಾಳೆಯಲ್ಲಿ ಟಾಲ್ ಎಂದಿತ್ತು. ಹೈ ಎಂದು ಬರೆದವರಿಗೆಲ್ಲ ಸೊನ್ನೆ ಹಾಕಿದೆ. ಎರಡು ವರ್ಷದ ನಂತರ ಅದೇ ಪ್ರಶ್ನೆ ಮತ್ತೆ ಬಂತು. ಈ ಸಲ ಹಾಳೆಯಲ್ಲಿ ಹೈ ಎಂದಿತ್ತು! ದೊಡ್ಡ ನಿಘಂಟು ತೆಗೆದು ನೋಡಿದರೆ ಕಟ್ಟಡಕ್ಕೆ ಎರಡೂ ಸಲ್ಲುತ್ತವೆ. ಹಿಂದಿನ ಸಲ ಸೊನ್ನೆ ಪಡೆದವರ ಮುಖಗಳು ಕಣ್ಣಮುಂದೆ ಬಂದವು. ಅವರಲ್ಲಿ ಕೆಲವರು ಆಗಲೇ ಶಾಲೆ ಮುಗಿಸಿ ಹೋಗಿದ್ದರು. ಹೋಗಿ ಏನೆಂದು ಹೇಳುವುದು? ಅಂದಿನಿಂದ ಎರಡಕ್ಕೂ ಅಂಕ ಕೊಡತೊಡಗಿದೆ. ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ, ಅದೂ ಗೊತ್ತಿಲ್ಲ.

ಮತ್ತೆ ಮಾಳಮ್ಮನ ವಿಷಯಕ್ಕೆ ಬರುತ್ತೇನೆ. ಅವಳು ಶಾಲೆಗೆ ಮರಳಿದ ಎರಡೇ ತಿಂಗಳಿಗೆ ದುರುಗವ್ವ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಶಾಲೆಗೆ ಓಡಿ ಬಂದಳು. ಹೊಳೆ ದಂಡೆಯ ಬೀಗರು ಮತ್ತೆ ಬಂದು ಮನೆಯಲ್ಲಿ ಕುಳಿತಿದ್ದರು. ಮಾಳಮ್ಮನ ತಂದೆಗೂ ಅರ್ಧ ಮನಸ್ಸಾಗಿತ್ತು.

"ಮೇಡಂರ, ನನ್ನ ಮಾತು ನಡಿಯವಲ್ದು. ನೀವು ಬಂದು ಒಂದು ಮಾತು ಹೇಳ್ರಿ" ಎಂದಳು.

ಗಿರಿಜಮ್ಮ ಮೇಡಂ ಪ್ರಾರ್ಥನೆ ಮುಗಿಯುವವರೆಗೂ ಕಾಯಲಿಲ್ಲ. ಶಾಲೆಯ ದಾಖಲಾತಿ ಪುಸ್ತಕವನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ನಾನು ಹಿಂದೆ ಹೋದೆ. ಅಂಗಳದಲ್ಲಿ ಐದಾರು ಜನ ಗಂಡಸರು. ಹುಡುಗನೂ ಇದ್ದ. ನಿಜಕ್ಕೂ ಎತ್ತರದ ಆಳು, ಪಾಪ, ಅವನ ಮುಖದಲ್ಲೂ ಗೊಂದಲವೇ ಇತ್ತು. ಮೇಡಂ ಪುಸ್ತಕ ತೆರೆದು ಹುಟ್ಟಿದ ದಿನ ಓದಿದರು.

"ಹದಿನೆಂಟು ತುಂಬೋಮಟ ಈ ಮನ್ಯಾಗ ಈ ಮಾತು ಎತ್ತಿದ್ರ ನಾನ ಪೊಲೀಸರನ್ನ ಕರಕೊಂಡು ಬರ್ತೀನಿ. ಚಹಾ ಕುಡದು ಹೋಗ್ರಿ."

ಒಬ್ಬ ಹಿರಿಯ ತಕರಾರು ತೆಗೆದ. "ನಾವೇನು ಈಗ ಮಾಡ್ತೀವಿ ಅಂದ್ವೇನ್ರಿ? ಮಾತಾಡಿ ಇಡೋಣಂತ ಬಂದೀವಿ. ಇಷ್ಟು ಉದ್ದ ಹುಡುಗಿಗೆ ಮುಂದ ಯಾರು ಸಿಗ್ತಾರ ಹೇಳ್ರಿ."

ನಾನು ಏನಾದರೂ ಹೇಳಬೇಕೆಂದು ಮುಂದೆ ಬಂದೆ. ಏನು ಹೇಳಬೇಕೆಂದು ಹೊಳೆಯುವ ಮೊದಲೇ ದುರುಗವ್ವ ಬಾಯಿ ಹಾಕಿದಳು. "ಸಿಗಲಿಲ್ಲಂದ್ರ ನನ್ನ ಮನ್ಯಾಗ ಇರ್ತಾಳ. ನಿಮ್ಮ ಮನಿ ಬಾಗಲಿಗೇನು ಬರಂಗಿಲ್ಲ. ಏಳ್ರಿ."

ಅವರು ಎದ್ದರು. ಚಹಾ ಕುಡಿಯಲಿಲ್ಲ.

ಮಾಳಮ್ಮ ಹತ್ತನೇ ತರಗತಿ ಪಾಸಾದಳು. ಇಂಗ್ಲಿಷಿನಲ್ಲಿ ಅಂಥ ಹೆಚ್ಚೇನೂ ಅಂಕ ಬರಲಿಲ್ಲ. ಹಡಗಲಿಯಲ್ಲಿ ಪಿಯುಸಿ ಓದಿ, ನರ್ಸಿಂಗ್ ಕಲಿತು, ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. 'ಟಾಲೆಸ್ಟ್' ಎಂಬ ಹೆಸರು ಊರಲ್ಲಿ ಪೂರ್ತಿ ಹೋಗಲಿಲ್ಲ, ಹೋಗುವುದೂ ಇಲ್ಲ. ನಾನು ಆಮೇಲೆ ಯಾವ ಮಗುವನ್ನೂ ನಿಲ್ಲಿಸಿ ಅಳತೆಯ ಪದ ಕಲಿಸಲಿಲ್ಲ. ಸ್ಮಾರ್ಟ್ ಕ್ಲಾಸ್ ಬಂದ ಮೇಲೆ ಪರದೆಯ ಮೇಲೆ ಜಿರಾಫೆ ತೋರಿಸಿದರೆ ಸಾಕಾಗುತ್ತಿತ್ತು. ಜಿರಾಫೆಗೆ ಬೇಸರವಾಗುತ್ತದೋ ಇಲ್ಲವೋ, ನನಗೆ ತಿಳಿಯದು.

ಪ್ರವೀಣ, ನಿನ್ನ ಪ್ರಶ್ನೆಗೆ ಉತ್ತರ ಇದರಲ್ಲಿ ಎಷ್ಟಿದೆಯೋ ಅಷ್ಟು ತೆಗೆದುಕೋ. ಮಕ್ಕಳು ಕೇಳಿದಾಗ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನು. ಉತ್ತರ ಅವರಲ್ಲೇ ಯಾರ ಬಳಿಯಾದರೂ ಇರುತ್ತದೆ. ನೀನು ಕಲಿಸಿದ ಪದ ಶಾಲೆಯ ಗೇಟು ದಾಟಿ ಎಲ್ಲಿಗೆ ಹೋಯಿತು ಎಂದು ಆಗಾಗ ವಿಚಾರಿಸು.

ಎರಡು ವರ್ಷದ ಹಿಂದೆ ಮಾಳಮ್ಮನ ಮದುವೆಯಾಯಿತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಹುಡುಗ, ಅವಳೇ ಒಪ್ಪಿದವನು. ಅವಳ ಕಿವಿಯ ಮಟ್ಟಕ್ಕೆ ಬರುತ್ತಾನೆ. ನಾನೂ ಗಿರಿಜಮ್ಮ ಮೇಡಮ್ಮೂ ಹೋಗಿದ್ದೆವು. ಅಕ್ಷತೆ ಮುಗಿದು ಫೋಟೋಗೆ ನಿಂತಾಗ ಫೋಟೋಗ್ರಾಫರ್ ಕ್ಯಾಮೆರಾ ಕೆಳಗಿಟ್ಟು ಪರದಾಡತೊಡಗಿದ. ಎಲ್ಲಿಂದಲೋ ಒಂದು ಮರದ ಮಣೆ ತಂದು ಮದುಮಗನ ಕಾಲ ಹತ್ತಿರ ಇಟ್ಟ. ಮಾತಾಡಬೇಕೋ ಬೇಡವೋ, ಆಡಿದರೆ ಮತ್ತೆ ಕೆಡಿಸುತ್ತೇನೋ ಎಂದು ಹಲ್ಲು ಕಚ್ಚಿ ನಿಂತೆ.

ಮದುಮಗ ಮಣೆಯನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಅದನ್ನ ಯಾಕ ತಂದ್ರಿ?" ಎಂದು ಮಾಳಮ್ಮ ಫೋಟೋಗ್ರಾಫರ್‌ಗೆ ಕೇಳಿದಳು.

"ಸಮ ಕಾಣ್ಲಿ ಅಂತ ಅಕ್ಕಾರ."

"ನಾವಿಬ್ರೂ ನೋಡ್ಕೊಂಡ ಮದುವಿ ಆಗೀವಪ್ಪ" ಎಂದು ಅವಳು ಮಣೆಯನ್ನು ಕಾಲಿಂದ ಪಕ್ಕಕ್ಕೆ ಸರಿಸಿದಳು. ಅಲ್ಲೇ ನಿಂತಿದ್ದ ದುರುಗವ್ವನನ್ನು ಕೈ ಹಿಡಿದು ಅದರ ಮೇಲೆ ಕೂರಿಸಿದಳು. "ಮುಂಜಾನಿಂದ ನಿಂತಿ, ಕುಂದ್ರವ್ವ." ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಕ್ಯಾಮೆರಾ ನೋಡಿ, "ಹ್ಞೂಂ, ತಗೀರಿ" ಎಂದಳು.